ಒಡೆತನ ಯಾರದು, ತೀರ್ಮಾನ ಎಲ್ಲಿಯದು?

1906ರ ಮಾರ್ಚ್ 12ರಂದು ಉಡುಪಿಯಲ್ಲಿ ಒಂದು ಬ್ಯಾಂಕು ಹುಟ್ಟಿತು. ಅದರ ಹೆಸರು ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ (ಉಡುಪಿ) ಲಿಮಿಟೆಡ್; ಮುಂದೆ ಅದೇ ಕಾರ್ಪೊರೇಷನ್ ಬ್ಯಾಂಕ್ ಎನಿಸಿಕೊಂಡಿತು. ಮುಂದೆ ನಿಂತು ಕಟ್ಟಿದವರು ಖಾನ್ ಬಹದ್ದೂರ್ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರು. ಆರಂಭದ ಬಂಡವಾಳ ಐದು ಸಾವಿರ ರೂಪಾಯಿ. ಮೊದಲ ದಿನದ ವಹಿವಾಟು ಮುಗಿದಾಗ ಲೆಕ್ಕಕ್ಕೆ ಬಂದದ್ದು 38 ರೂಪಾಯಿ 13 ಆಣೆ 2 ಪೈ. ರೂಪಾಯಿಗೆ 192 ಪೈ ಇದ್ದ ಕಾಲದಲ್ಲಿ ಆ ಎರಡು ಪೈಯನ್ನೂ ಬಿಡದೆ ಬರೆದಿಟ್ಟದ್ದು ಇಲ್ಲಿನ ಬ್ಯಾಂಕಿಂಗ್ ಯಾವ ಗಾತ್ರದ ಹಣದಿಂದ ಶುರುವಾಯಿತು ಎನ್ನುವುದಕ್ಕೆ ಸಾಕ್ಷಿ. ಅದೇ ವರ್ಷದ ಜುಲೈ 1ರಂದು ಮಂಗಳೂರಿನಲ್ಲಿ, ಶಾಲೆಗಳನ್ನು ಕಟ್ಟಿದ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈಯವರು ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಆರಂಭಿಸಿದರು. ಆ ಫಂಡೇ 1910ರಲ್ಲಿ ಕೆನರಾ ಬ್ಯಾಂಕ್ ಆಯಿತು. 1924ರಲ್ಲಿ ಮಂಗಳೂರಿನಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಉಡುಪಿಯಲ್ಲಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆ, 1931ರಲ್ಲಿ ಎ.ಬಿ. ಶೆಟ್ಟರ ಮುಂದಾಳತ್ವದಲ್ಲಿ ಮಂಗಳೂರಿನಲ್ಲಿ ವಿಜಯಾ ಬ್ಯಾಂಕ್ ಹುಟ್ಟಿದವು. ಮದ್ರಾಸ್ ಪ್ರಾಂತ್ಯದ ಒಂದು ಮೂಲೆಯ ಜಿಲ್ಲೆ ಸುಮಾರು ಇಪ್ಪತ್ತೈದು ವರ್ಷಗಳಲ್ಲಿ ದೇಶಕ್ಕೆ ಐದು ದೊಡ್ಡ ಬ್ಯಾಂಕುಗಳನ್ನು ಹೆತ್ತುಕೊಟ್ಟಿತು. ಇಂದು ಅವುಗಳಲ್ಲಿ ಹೆಸರು ಉಳಿಸಿಕೊಂಡಿರುವುದು ಎರಡೇ.

ಬ್ಯಾಂಕು ಸರ್ಕಾರದ್ದಾಗಿರಬೇಕೋ ಖಾಸಗಿಯವರದ್ದೋ ಎಂಬ ವಾದ ನಮ್ಮ ದೇಶದಲ್ಲಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ನಡೆಯುತ್ತಿದೆ. ಎರಡೂ ಕಡೆಯವರು ಕೇಳುವ ಪ್ರಶ್ನೆ ಒಂದೇ: ಷೇರು ಯಾರ ಕೈಯಲ್ಲಿದೆ? ಅದು ಸಣ್ಣ ಪ್ರಶ್ನೆಯಲ್ಲ. ಆದರೆ ಅದರಷ್ಟೇ ದೊಡ್ಡದಾದ ಇನ್ನೊಂದು ಪ್ರಶ್ನೆ ಅದರ ನೆರಳಿನಲ್ಲಿ ಮರೆಯಾಗಿದೆ. ಸಾಲ ಕೊಡಬೇಕೋ ಬೇಡವೋ ಎಂಬ ತೀರ್ಮಾನ ಎಲ್ಲಿ ಕೂತವರು ಮಾಡುತ್ತಾರೆ? ಹಣ ಕೂಡಿಟ್ಟ ಊರಿಗೂ ಆ ಹಣದ ಬಗ್ಗೆ ನಿರ್ಧರಿಸುವ ಮೇಜಿಗೂ ನಡುವೆ ಎಷ್ಟು ದೂರವಿದೆ? ಕರಾವಳಿಯ ಹೆಚ್ಚಿನ ಬ್ಯಾಂಕುಗಳು ಹುಟ್ಟಿದ್ದು ಖಾಸಗಿಯಾಗಿ, ಬೆಳೆದದ್ದು ಸರ್ಕಾರದ ಒಡೆತನದಲ್ಲಿ, ಮರೆಯಾದದ್ದು ವಿಲೀನದಲ್ಲಿ. ಒಡೆತನ ಬದಲಾದಾಗ ಅವುಗಳ ಜೀವ ಹೋಗಲಿಲ್ಲ, ತೀರ್ಮಾನ ಊರು ಬಿಟ್ಟಾಗ ಹೋಯಿತು. ಈ ಬ್ಯಾಂಕುಗಳ ಚರಿತ್ರೆಯಿಂದ ನಾನು ತಿಳಿದುಕೊಂಡದ್ದು ಇದು, ಇಲ್ಲಿ ಸಮರ್ಥಿಸಲು ಹೊರಟಿರುವುದೂ ಇದನ್ನೇ.

ಮೊದಲು ಅವು ಹುಟ್ಟಿದ ಬಗೆಯನ್ನು ನೋಡಬೇಕು. ಹಳೆಯ ಮೈಸೂರಿನಲ್ಲಿ ಬ್ಯಾಂಕು ಬಂದದ್ದು ಅರಮನೆಯ ಆಸರೆಯಿಂದ: ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ, ಬ್ಯಾಂಕ್ ಆಫ್ ಮೈಸೂರ್ ಸಂಸ್ಥಾನದ ಬೆಂಬಲದೊಂದಿಗೆ ಶುರುವಾಯಿತು. ಕರಾವಳಿಗೆ ರಾಜನೂ ಇರಲಿಲ್ಲ, ದಿವಾನನೂ ಇರಲಿಲ್ಲ. ಸ್ವದೇಶಿ ಚಳವಳಿಯ ಗಾಳಿ ಇತ್ತು, ಊರಿನ ಜನರ ಸಣ್ಣ ಉಳಿತಾಯ ಇತ್ತು, ಅಷ್ಟೇ. ಸಿಂಡಿಕೇಟ್ ಬ್ಯಾಂಕನ್ನು ಕಟ್ಟಿದವರು ಒಬ್ಬ ವೈದ್ಯ, ಒಬ್ಬ ವ್ಯಾಪಾರಿ, ಒಬ್ಬ ಎಂಜಿನಿಯರ್: ಟಿ.ಎಂ.ಎ. ಪೈ, ಉಪೇಂದ್ರ ಅನಂತ ಪೈ ಮತ್ತು ವಾಮನ ಶ್ರೀನಿವಾಸ ಕುಡ್ವ. ಬಂಡವಾಳ ಎಂಟು ಸಾವಿರ ರೂಪಾಯಿ. ಮುಂದಿದ್ದ ಕೆಲಸ, ಸಂಕಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವಾಗುವುದು. 1928ರಲ್ಲಿ ಅದು ಪಿಗ್ಮಿ ಠೇವಣಿಯನ್ನು ತಂದಿತು. ಬ್ಯಾಂಕಿನ ಏಜೆಂಟ್ ಪ್ರತಿದಿನ ಅಂಗಡಿ ಅಂಗಡಿಗೆ, ಮನೆ ಮನೆಗೆ ಹೋಗಿ ಎರಡು ಆಣೆಯಷ್ಟು ಸಣ್ಣ ಮೊತ್ತವನ್ನೂ ಪಡೆದು ಬರೆದುಕೊಳ್ಳುವ ಪದ್ಧತಿ ಅದು. ಬೀಡಿ ಕಟ್ಟುವವರು, ಮೀನು ಮಾರುವವರು, ಹೋಟೆಲಿನ ಮಾಣಿಗಳು ಬ್ಯಾಂಕಿನ ಮೆಟ್ಟಿಲು ಹತ್ತುವುದಿರಲಿ, ಹತ್ತಬಹುದೆಂದು ಅಂದುಕೊಳ್ಳುವುದೂ ಕಷ್ಟವಾಗಿದ್ದ ಕಾಲದಲ್ಲಿ ಬ್ಯಾಂಕೇ ಅವರ ಬಾಗಿಲಿಗೆ ನಡೆದು ಬಂತು. ಪಿಗ್ಮಿಯಿಂದ ಬ್ಯಾಂಕಿಗೆ ಹಣ ಬಂತು. ಅದಕ್ಕಿಂತ ಬೆಲೆಬಾಳುವ ತಿಳಿವಳಿಕೆಯೂ ಬಂತು. ಯಾವ ಅಂಗಡಿಯವನು ಮಳೆಗಾಲದಲ್ಲೂ ತಪ್ಪದೆ ಕಟ್ಟುತ್ತಾನೆ, ಯಾರ ವ್ಯಾಪಾರ ಸೊರಗುತ್ತಿದೆ, ಯಾರಿಗೆ ಸ್ವಲ್ಪ ಕೈಗಡ ಸಿಕ್ಕರೆ ಮೇಲೆ ಬರುತ್ತಾನೆ ಎನ್ನುವುದು ಏಜೆಂಟನ ದಿನನಿತ್ಯದ ಅನುಭವದಲ್ಲೇ ಇರುತ್ತಿತ್ತು. ಸಾಲ ಕೊಡುವವನಿಗೆ ಯಾವ ಅಡಮಾನವೂ ಕೊಡಲಾರದ ಭರವಸೆಯನ್ನು ಈ ಪರಿಚಯ ಕೊಡುತ್ತದೆ.

ಅದೇ ಹೊತ್ತಿಗೆ ದೇಶದ ಮಿಕ್ಕ ಕಡೆ ಬ್ಯಾಂಕಿಂಗ್ ವ್ಯವಸ್ಥೆಯ ಮೇಲ್ಮಟ್ಟ ಬೇರೆಯೇ ಬಗೆಯದಾಗಿತ್ತು. ಕಲ್ಕತ್ತ, ಬೊಂಬಾಯಿ, ಮದ್ರಾಸುಗಳ ಮೂರು ಪ್ರೆಸಿಡೆನ್ಸಿ ಬ್ಯಾಂಕುಗಳು 1921ರಲ್ಲಿ ಕೂಡಿ ಇಂಪೀರಿಯಲ್ ಬ್ಯಾಂಕ್ ಆದವು. 1935ರ ಏಪ್ರಿಲ್ 1ರಂದು ಕೆಲಸ ಆರಂಭಿಸಿದ ರಿಸರ್ವ್ ಬ್ಯಾಂಕ್ ಕೂಡ ಐದು ಕೋಟಿ ರೂಪಾಯಿ ಬಂಡವಾಳದ, ಷೇರುದಾರರ ಸಂಸ್ಥೆಯಾಗಿಯೇ ಹುಟ್ಟಿತು; ಅದು ಸರ್ಕಾರದ ಸ್ವತ್ತಾದದ್ದು 1949ರ ಜನವರಿ 1ರಂದು. ಸ್ವಾತಂತ್ರ್ಯ ಬಂದ ಮೇಲೆ ನಡೆದ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆ ತೆರೆದಿಟ್ಟ ಚಿತ್ರ ಕಠೋರವಾಗಿತ್ತು. ರೈತರು ಪಡೆದ ಸಾಲದಲ್ಲಿ ವಾಣಿಜ್ಯ ಬ್ಯಾಂಕುಗಳ ಪಾಲು ನೂರಕ್ಕೆ ಒಂದರಷ್ಟು, ಸಹಕಾರಿ ಸಂಘಗಳದ್ದು ಮೂರರಷ್ಟು; ಸಿಂಹಪಾಲು ಲೇವಾದೇವಿಗಾರರದು. ಈ ವರದಿಯ ಫಲವಾಗಿಯೇ ಇಂಪೀರಿಯಲ್ ಬ್ಯಾಂಕು 1955ರ ಜುಲೈ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ ಆಯಿತು; 1959ರ ಕಾಯ್ದೆಯ ಬೆನ್ನಲ್ಲೇ ಬ್ಯಾಂಕ್ ಆಫ್ ಮೈಸೂರ್, ಸ್ಟೇಟ್ ಬ್ಯಾಂಕ್ ಆಫ್ ಮೈಸೂರ್ ಎಂಬ ಹೆಸರಿನಲ್ಲಿ, ಅದರ ಅಂಗಸಂಸ್ಥೆಯಾಯಿತು. ಆದರೂ 1960ರ ದಶಕದ ಕೊನೆಗೆ ಬ್ಯಾಂಕುಗಳ ಸಾಲದಲ್ಲಿ ಕೃಷಿಗೆ ಸಿಗುತ್ತಿದ್ದದ್ದು ನೂರಕ್ಕೆ ಎರಡರ ಆಸುಪಾಸು. ಜನರ ಠೇವಣಿ ನಗರಗಳಿಗೆ ಹರಿದು, ಅಲ್ಲಿಂದ ದೊಡ್ಡ ಉದ್ದಿಮೆಗಳಿಗೆ ಹೋಗುತ್ತಿತ್ತು. ದೊಡ್ಡ ಬ್ಯಾಂಕುಗಳ ಆಡಳಿತ ಮಂಡಳಿಯಲ್ಲಿ ಕೂತವರೂ ಅವುಗಳಿಂದ ಸಾಲ ಪಡೆಯುವ ಉದ್ದಿಮೆಗಳ ಮಂಡಳಿಯಲ್ಲಿ ಕೂತವರೂ ಎಷ್ಟೋ ಸಲ ಒಬ್ಬರೇ ಆಗಿರುತ್ತಿದ್ದರು. ಹಳ್ಳಿಯ ಪಾಲಿಗೆ ತೀರ್ಮಾನ ಬಲು ದೂರದಲ್ಲಿತ್ತು. ಅದೂ ಖಾಸಗಿ ಒಡೆತನದಲ್ಲೇ.

ಇಂಥ ಹಿನ್ನೆಲೆಯಲ್ಲಿ 1969ರ ಜುಲೈ 19 ಬಂತು. ಸಂಸತ್ತಿನ ಅಧಿವೇಶನಕ್ಕೆ ಎರಡೇ ದಿನ ಉಳಿದಿರುವಾಗ ಇಂದಿರಾ ಗಾಂಧಿಯವರ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿ, 50 ಕೋಟಿ ರೂಪಾಯಿಗಿಂತ ಹೆಚ್ಚು ಠೇವಣಿ ಇದ್ದ ಹದಿನಾಲ್ಕು ಬ್ಯಾಂಕುಗಳನ್ನು ವಶಕ್ಕೆ ತೆಗೆದುಕೊಂಡಿತು. ಸ್ಟೇಟ್ ಬ್ಯಾಂಕನ್ನೂ ಸೇರಿಸಿದರೆ ದೇಶದ ಠೇವಣಿಯ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚು ಸರ್ಕಾರದ ಕೈಗೆ ಬಂತು. ಷೇರುದಾರ ಆರ್.ಸಿ. ಕೂಪರ್ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1970ರ ಫೆಬ್ರವರಿ 10ರಂದು ಹತ್ತು ನ್ಯಾಯಮೂರ್ತಿಗಳ ಬಹುಮತದಿಂದ, ಒಬ್ಬರ ಭಿನ್ನಮತದೊಂದಿಗೆ, ಸುಗ್ರೀವಾಜ್ಞೆಯ ಜಾಗದಲ್ಲಿ ಬಂದಿದ್ದ ಕಾಯ್ದೆಯನ್ನು ರದ್ದು ಮಾಡಿತು. ನಾಲ್ಕೇ ದಿನದಲ್ಲಿ ಹೊಸ ಸುಗ್ರೀವಾಜ್ಞೆ ಬಂದು ರಾಷ್ಟ್ರೀಕರಣ ಗಟ್ಟಿಯಾಯಿತು. ಹದಿನಾಲ್ಕರಲ್ಲಿ ಕೆನರಾ ಮತ್ತು ಸಿಂಡಿಕೇಟ್ ಇದ್ದವು. 1980ರ ಏಪ್ರಿಲ್ 15ರಂದು ಇನ್ನೂ ಆರು ಬ್ಯಾಂಕುಗಳು ಸರ್ಕಾರದವಾದಾಗ ಕಾರ್ಪೊರೇಷನ್ ಮತ್ತು ವಿಜಯಾ ಸೇರಿಕೊಂಡವು. ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಯಾವುದು ಸರ್ಕಾರಕ್ಕೆ, ಯಾವುದು ಷೇರುದಾರರಿಗೆ ಎಂಬ ಗೆರೆಯನ್ನು ಎಳೆದದ್ದು ಠೇವಣಿಯ ಮೊತ್ತದ ಮೇಲೆ. ಬ್ಯಾಂಕಿನ ನಡತೆಯನ್ನು ಯಾರೂ ಅಳೆಯಲಿಲ್ಲ. ಉದ್ದಿಮೆಪತಿಗಳ ಮನೆಬ್ಯಾಂಕಿನಂತಿದ್ದವೂ, ಎರಡು ಆಣೆ ಎರಡು ಆಣೆ ಕೂಡಿಸಿ ಬೆಳೆದವೂ ಒಂದೇ ಪಟ್ಟಿಯಲ್ಲಿ ಬಂದವು. ಹಳ್ಳಿಗೆ ಹೋಗಲಿಲ್ಲ ಎಂಬ ಆರೋಪ ಯಾವ ಬ್ಯಾಂಕುಗಳಿಗೆ ತೀರ ಕಡಿಮೆ ಸಲ್ಲುತ್ತಿತ್ತೋ ಅವೂ ಆ ಆರೋಪದ ಮೇಲೆಯೇ ಒಡೆತನ ಕಳೆದುಕೊಂಡವು.

ಹಾಗಾದರೆ ಕರಾವಳಿಗೆ ರಾಷ್ಟ್ರೀಕರಣದಿಂದ ನಷ್ಟವಾಯಿತೆ? ಆಗಲಿಲ್ಲ ಎಂದೇ ನಾನು ಹೇಳುತ್ತೇನೆ. ಕಾರಣ ಆ ಕಾಯ್ದೆಯ ರಚನೆಯಲ್ಲೇ ಇದೆ. 1956ರಲ್ಲಿ ಜೀವವಿಮೆಯನ್ನು ರಾಷ್ಟ್ರೀಕರಿಸಿದಾಗ ಸರ್ಕಾರ 245 ಸಂಸ್ಥೆಗಳನ್ನು ಕರಗಿಸಿ ಒಂದೇ ಎಲ್‌ಐಸಿ ಮಾಡಿತು. ಬ್ಯಾಂಕುಗಳ ವಿಷಯದಲ್ಲಿ ಹಾಗೆ ಮಾಡಲಿಲ್ಲ. ಪ್ರತಿಯೊಂದು ಬ್ಯಾಂಕಿಗೂ ತನ್ನದೇ ಕಾನೂನುಬದ್ಧ ಅಸ್ತಿತ್ವ, ತನ್ನದೇ ಹೆಸರು, ತನ್ನದೇ ಆಡಳಿತ ಮಂಡಳಿ ಉಳಿಯಿತು. ಮೊದಲಿದ್ದ ಅಧ್ಯಕ್ಷರೇ ಕಸ್ಟೋಡಿಯನ್ ಆಗಿ ಮುಂದುವರಿಯಲು ಅವಕಾಶವಾಯಿತು. ಸಿಂಡಿಕೇಟಿನ ಪ್ರಧಾನ ಕಚೇರಿ ಮಣಿಪಾಲದಲ್ಲಿ, ಕಾರ್ಪೊರೇಷನ್ನಿನದು ಮಂಗಳೂರಿನಲ್ಲಿ, ಕೆನರಾ ಮತ್ತು ವಿಜಯಾಗಳದು ಬೆಂಗಳೂರಿನಲ್ಲಿ ನೆಲೆ ನಿಂತಿತು. ಷೇರು ದೆಹಲಿಗೆ ಹೋಯಿತು, ಆದರೆ ಕಡತ ಇಲ್ಲೇ ಉಳಿಯಿತು. ಸಾಲದ ಅರ್ಜಿ ಓದುವವರಿಗೆ ಅಡಿಕೆಯ ಧಾರಣೆ, ಮೀನುಗಾರಿಕೆಯ ನಿಷೇಧದ ತಿಂಗಳುಗಳು, ಹೆಂಚಿನ ಕಾರ್ಖಾನೆಯ ಕಷ್ಟ ಯಾವುದನ್ನೂ ಹೊಸದಾಗಿ ವಿವರಿಸಬೇಕಾಗಿರಲಿಲ್ಲ. ಒಡೆತನ ಸಾರ್ವಜನಿಕ, ತಿಳಿವಳಿಕೆ ಸ್ಥಳೀಯ: ಈ ಜೋಡಿ ನಮ್ಮಲ್ಲಿ ಸುಮಾರು ಐವತ್ತು ವರ್ಷ ಬಾಳಿತು.

ರಾಷ್ಟ್ರೀಕರಣ ಇಡೀ ದೇಶಕ್ಕೆ ಕೊಟ್ಟದ್ದೂ ಕಡಿಮೆಯಲ್ಲ. 1969ರ ಜೂನ್‌ನಲ್ಲಿ ದೇಶದಲ್ಲಿ ಎಂಟು ಸಾವಿರ ಚಿಲ್ಲರೆ ಬ್ಯಾಂಕ್ ಶಾಖೆಗಳಿದ್ದವು. ಗ್ರಾಮಾಂತರದಲ್ಲಿದ್ದವು ನಾಲ್ಕರಲ್ಲಿ ಒಂದಕ್ಕಿಂತ ಕಡಿಮೆ. 1990ರ ಹೊತ್ತಿಗೆ ಶಾಖೆಗಳು ಅರವತ್ತು ಸಾವಿರಕ್ಕೆ ಹತ್ತಿರ ಬಂದು, ಅರ್ಧಕ್ಕೂ ಹೆಚ್ಚು ಹಳ್ಳಿಗಳಲ್ಲಿದ್ದವು. ಒಂದು ಶಾಖೆ ಸರಾಸರಿ 65 ಸಾವಿರ ಜನರಿಗೆ ಎಂದಿದ್ದದ್ದು ಸುಮಾರು 14 ಸಾವಿರಕ್ಕೆ ಇಳಿಯಿತು. 1969ರ ಡಿಸೆಂಬರ್‌ನಲ್ಲಿ ಬಂದ ಲೀಡ್ ಬ್ಯಾಂಕ್ ಯೋಜನೆ ಒಂದೊಂದು ಜಿಲ್ಲೆಯ ಹೊಣೆಯನ್ನು ಒಂದೊಂದು ಬ್ಯಾಂಕಿಗೆ ಒಪ್ಪಿಸಿತು. 1975ರ ಅಕ್ಟೋಬರ್ 2ರಂದು ದೇಶದ ಮೊತ್ತಮೊದಲ ಗ್ರಾಮೀಣ ಬ್ಯಾಂಕು ಉತ್ತರ ಪ್ರದೇಶದ ಮೊರಾದಾಬಾದಿನಲ್ಲಿ ಹುಟ್ಟಿದಾಗ ಅದನ್ನು ಪ್ರಾಯೋಜಿಸಿದ್ದು ಮಣಿಪಾಲದ ಸಿಂಡಿಕೇಟ್ ಬ್ಯಾಂಕು. 1977ರಿಂದ 1990ರವರೆಗೆ, ಬ್ಯಾಂಕಿರುವ ಊರಿನಲ್ಲಿ ಒಂದು ಶಾಖೆ ತೆರೆಯಬೇಕಾದರೆ ಬ್ಯಾಂಕಿಲ್ಲದ ನಾಲ್ಕು ಕಡೆ ತೆರೆಯಬೇಕೆಂಬ ನಿಯಮವಿತ್ತು. ಅರ್ಥಶಾಸ್ತ್ರಜ್ಞರಾದ ರಾಬಿನ್ ಬರ್ಗೆಸ್ ಮತ್ತು ರೋಹಿಣಿ ಪಾಂಡೆ 2005ರಲ್ಲಿ ಪ್ರಕಟಿಸಿದ ಅಧ್ಯಯನ, ಈ ನಿಯಮದಿಂದಾದ ಶಾಖಾ ವಿಸ್ತರಣೆ ಗ್ರಾಮೀಣ ಬಡತನವನ್ನು ತಗ್ಗಿಸಿತು ಎಂದು ತೋರಿಸಿದೆ. ಉಡುಪಿಯ ಬೀದಿಗಳಲ್ಲಿ ಪಿಗ್ಮಿ ಏಜೆಂಟ್ ಮಾಡುತ್ತಿದ್ದದ್ದನ್ನು, ಅಂದರೆ ಬ್ಯಾಂಕೇ ಬಡವರ ಬಳಿಗೆ ಹೋಗುವುದನ್ನು, ರಾಷ್ಟ್ರೀಕರಣ ದೇಶದ ನೀತಿಯಾಗಿ ಮಾಡಿತು. ಖಾಸಗಿ ಒಡೆತನದ ಪರ ಮಾತಾಡುವವರು ಉತ್ತರಿಸಲೇಬೇಕಾದ ಸಾಧನೆ ಇದು.

ಇಲ್ಲಿ ಒಂದು ಗಂಭೀರ ಆಕ್ಷೇಪ ಏಳುತ್ತದೆ. ಊರಿನ ಬ್ಯಾಂಕು ಊರಿನವರನ್ನು ಬಲ್ಲದು ಎನ್ನುತ್ತೀರಿ. ಆದರೆ ಅದು ಬಲ್ಲದ್ದು ಯಾರನ್ನು? ಕರಾವಳಿಯ ಬ್ಯಾಂಕುಗಳು ಬಹುಮಟ್ಟಿಗೆ ಒಂದೊಂದು ಸಮುದಾಯದ ಬಲದಿಂದ ಎದ್ದವು. ಪರಿಚಯವೇ ಜಾಮೀನಾದ ಕಡೆ ಪರಿಚಯವಿಲ್ಲದವನು ಹೊರಗೇ ಉಳಿಯುತ್ತಾನೆ. ಭೂಮಿಯಿಲ್ಲದವರಿಗೆ, ದಲಿತರಿಗೆ, ಹೆಂಗಸರಿಗೆ ಆ ಪರಿಚಯದ ವಲಯ ಸುಲಭವಾಗಿ ತೆರೆಯುತ್ತಿರಲಿಲ್ಲ. ಈ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ, ಒಪ್ಪಿದ್ದರಿಂದಲೇ ಹಳೆಯ ಖಾಸಗಿ ದಿನಗಳಿಗೆ ಮರಳಬೇಕೆಂದು ಹೇಳುತ್ತಿಲ್ಲ. ಸಾರ್ವಜನಿಕ ಒಡೆತನ ಬಂದ ಮೇಲೆಯೇ, ಆದ್ಯತಾ ವಲಯಕ್ಕೆ ಇಷ್ಟು ಸಾಲ ಕೊಡಲೇಬೇಕು ಎಂಬ ಕಟ್ಟಳೆ ಬಂದ ಮೇಲೆಯೇ ಹಲವರಿಗೆ ಬಾಗಿಲು ತೆರೆಯಿತು. 1980ರ ದಶಕದಲ್ಲಿ ಕೇಂದ್ರ ಹಣಕಾಸು ಖಾತೆಯ ರಾಜ್ಯ ಸಚಿವರಾಗಿದ್ದ, ಕರಾವಳಿಯವರೇ ಆದ ಜನಾರ್ದನ ಪೂಜಾರಿಯವರ ಸಾಲಮೇಳಗಳನ್ನು ಬ್ಯಾಂಕಿನವರು ಬೈದರು. ಮರುಪಾವತಿಯ ಶಿಸ್ತು ಕೆಟ್ಟಿತು ಎಂದರು. ಆ ದೂರಿನಲ್ಲಿ ಹುರುಳಿದೆ, ಮೈದಾನದಲ್ಲಿ ಹಂಚುವ ಸಾಲಕ್ಕೆ ಪರಿಚಯದ ಪರಿಶೀಲನೆ ಇರುವುದಿಲ್ಲ. ಆದರೆ ಜಾಮೀನು ಕೊಡಲಾಗದವನಿಗೂ ಬ್ಯಾಂಕಿನ ಮುಂದೆ ಹಕ್ಕಿದೆ ಎಂಬ ಮಾತು ಜನರ ಮನಸ್ಸಿಗೆ ಇಳಿದದ್ದು ಆಗಲೇ. ಸಾರ್ವಜನಿಕ ಹೊಣೆಗಾರಿಕೆ ಇಲ್ಲದ ಸ್ಥಳೀಯ ತಿಳಿವಳಿಕೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಸ್ಥಳೀಯ ತಿಳಿವಳಿಕೆ ಇಲ್ಲದ ಸಾರ್ವಜನಿಕ ಒಡೆತನ ಕುರುಡಾಗುತ್ತದೆ. ನಮಗೆ ಎರಡೂ ಬೇಕು.

ಎರಡನೆಯ ಆಕ್ಷೇಪ ವಸೂಲಾಗದ ಸಾಲದ್ದು. ಸರ್ಕಾರಿ ಬ್ಯಾಂಕುಗಳ ಒಟ್ಟು ಸಾಲದಲ್ಲಿ 1993ರಲ್ಲಿ ನೂರಕ್ಕೆ 23ರಷ್ಟು ಕೆಟ್ಟ ಸಾಲವಾಗಿತ್ತು. ಸುಧಾರಿಸಿ, ಮತ್ತೆ ಹದಗೆಟ್ಟು, 2018ರ ಮಾರ್ಚ್ ಹೊತ್ತಿಗೆ ಆ ಪ್ರಮಾಣ 14ನ್ನು ದಾಟಿತ್ತು. ಸರ್ಕಾರದ ಒಡೆತನವೇ ರೋಗ ಎನ್ನುವವರು ಈ ಅಂಕಿಗಳನ್ನು ಮುಂದಿಡುತ್ತಾರೆ. ಆದರೆ ಎರಡನೆಯ ಅಲೆಯಲ್ಲಿ ಮುಳುಗಿದ ಹಣ ಬಹುಪಾಲು ಹೋದದ್ದು ಎಲ್ಲಿಗೆ? ಉಕ್ಕು, ವಿದ್ಯುತ್, ಹೆದ್ದಾರಿಗಳ ಭಾರಿ ಯೋಜನೆಗಳಿಗೆ. ಹಲವು ಬ್ಯಾಂಕುಗಳು ಒಕ್ಕೂಟವಾಗಿ ಕೊಟ್ಟ ಆ ಸಾಲಗಳ ತೀರ್ಮಾನ ಆದದ್ದು ಯಾವ ಊರಿನ ಶಾಖೆಯಲ್ಲೂ ಅಲ್ಲ. ಸಾಲಗಾರನ ಮುಖವನ್ನು ದಿನವೂ ಕಾಣುವವರು ಅಲ್ಲಿ ಇರಲಿಲ್ಲ. 2017-18ರಲ್ಲಿ ಇಪ್ಪತ್ತೊಂದು ಸರ್ಕಾರಿ ಬ್ಯಾಂಕುಗಳ ಪೈಕಿ ಲಾಭ ತೋರಿಸಿದ್ದು ಎರಡೇ, ಅವುಗಳಲ್ಲಿ ಒಂದು ವಿಜಯಾ ಬ್ಯಾಂಕು. ಅದರ ಒಡೆಯ ಮಿಕ್ಕವುಗಳ ಒಡೆಯನೇ; ಹಾಗಿದ್ದಮೇಲೆ ಒಡೆತನವೊಂದೇ ಫಲವನ್ನು ನಿರ್ಧರಿಸುತ್ತದೆ ಎನ್ನುವುದು ಹೇಗೆ? ಇನ್ನು ಖಾಸಗಿ ಬ್ಯಾಂಕುಗಳ ಕಡೆ ನೋಡಿದರೆ, 2004ರಲ್ಲಿ ಗ್ಲೋಬಲ್ ಟ್ರಸ್ಟ್ ಬ್ಯಾಂಕು ಕುಸಿದಾಗ ಅದನ್ನು ಸೇರಿಸಿಕೊಂಡದ್ದು ಸರ್ಕಾರಿ ಬ್ಯಾಂಕು. 2020ರಲ್ಲಿ ಯೆಸ್ ಬ್ಯಾಂಕಿಗೆ ಹೆಗಲು ಕೊಡಲು ಮುಂದಾದದ್ದು ಸ್ಟೇಟ್ ಬ್ಯಾಂಕು. ಲಾಭದ ದಿನ ಖಾಸಗಿ, ಸಂಕಟದ ದಿನ ಸಾರ್ವಜನಿಕ ಎಂಬಂಥ ಏರ್ಪಾಡನ್ನು ದಕ್ಷತೆ ಎಂದು ಕರೆಯಲಾಗದು.

ವಿಲೀನದ ಸರದಿ ಬಂದದ್ದು ಇದರ ನಡುವೆಯೇ. 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಮೈಸೂರ್ ತನ್ನ ಮಾತೃಬ್ಯಾಂಕಿನಲ್ಲಿ ಲೀನವಾಯಿತು. 2019ರ ಅದೇ ದಿನ ವಿಜಯಾ ಬ್ಯಾಂಕು, ದೇನಾ ಬ್ಯಾಂಕಿನ ಜೊತೆ, ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಕೆನರಾದೊಳಗೆ, ಕಾರ್ಪೊರೇಷನ್ ಮುಂಬೈಯ ಯೂನಿಯನ್ ಬ್ಯಾಂಕಿನೊಳಗೆ ಹೋದವು. 2017ರ ಆರಂಭದಲ್ಲಿ 27 ಇದ್ದ ಸರ್ಕಾರಿ ಬ್ಯಾಂಕುಗಳು ಹನ್ನೆರಡಾದವು. ಫಲಕ ಬದಲಾಯಿತು, ಪಾಸ್‌ಬುಕ್ಕಿನ ಬಣ್ಣ ಬದಲಾಯಿತು, ಐಎಫ್‌ಎಸ್‌ಸಿ ಸಂಕೇತ ಬದಲಾಯಿತು. ಜನ ಅದಕ್ಕೆ ಹೊಂದಿಕೊಂಡರು. ಕಣ್ಣಿಗೆ ಬೀಳದೆ ಬದಲಾದದ್ದು ಕಡತದ ದಾರಿ. ದೊಡ್ಡ ಬ್ಯಾಂಕುಗಳಿಲ್ಲದೆ ದೊಡ್ಡ ದೇಶಕ್ಕೆ ಸಾಗದು, ಸಣ್ಣವು ಮುಳುಗುತ್ತವೆ ಎಂಬುದು ವಿಲೀನದ ಪರವಾದ ವಾದ. ಚರಿತ್ರೆಯಲ್ಲಿ ಅದಕ್ಕೆ ಆಧಾರವಿದೆ. 1913ರಿಂದ 1918ರ ನಡುವೆ ತೊಂಬತ್ತಕ್ಕೂ ಹೆಚ್ಚು ಬ್ಯಾಂಕುಗಳು ಮುಚ್ಚಿದವು. 1960ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕ್ ಬಿದ್ದಾಗ ಠೇವಣಿದಾರರ ಗೋಳು ದೇಶವನ್ನೇ ಅಲುಗಿಸಿತು. ಆದರೆ ಆ ಗೋಳಿಗೆ ದೇಶ 1962ರಲ್ಲಿ ಠೇವಣಿ ವಿಮೆಯನ್ನು ತಂದು ಒಂದು ಉತ್ತರ ಕಂಡುಕೊಂಡಿತು. ಸಿಂಡಿಕೇಟ್, ಕಾರ್ಪೊರೇಷನ್‌ಗಳಂತೂ ನೂರು ವರ್ಷದ ಆಸುಪಾಸಿನಲ್ಲಿದ್ದ, ಸರ್ಕಾರವೇ ಬೆನ್ನಿಗಿದ್ದ ಬ್ಯಾಂಕುಗಳು. ಪಾಲಾಯಿಯ ಹೋಲಿಕೆ ಅವಕ್ಕೆ ಒಗ್ಗದು. ವಿಲೀನಕ್ಕೆ ಪ್ರಮಾಣವಾಗಿ ಎತ್ತಿಹಿಡಿಯುವ 1991ರ ನರಸಿಂಹಂ ಸಮಿತಿಯ ವರದಿಯಲ್ಲಿ ಕೂಡ ಮೂರು ನಾಲ್ಕು ಭಾರಿ ಬ್ಯಾಂಕುಗಳು, ಎಂಟು ಹತ್ತು ರಾಷ್ಟ್ರೀಯ ಬ್ಯಾಂಕುಗಳು ಎಂದ ಮೇಲೆ ಅವುಗಳ ಕೆಳಗೆ ಒಂದೊಂದು ಪ್ರದೇಶಕ್ಕೇ ಸೀಮಿತವಾದ ಸ್ಥಳೀಯ ಬ್ಯಾಂಕುಗಳ ಮೆಟ್ಟಿಲೂ ಇತ್ತು. ನಾವು ಮೇಲಿನ ಮೆಟ್ಟಿಲನ್ನು ಶ್ರದ್ಧೆಯಿಂದ ಕಟ್ಟಿದೆವು, ಕೆಳಗಿನದನ್ನು ಮರೆತೆವು.

ಕೊನೆಯ ಆಕ್ಷೇಪ ಇಂದಿನ ಕಾಲದ್ದು: ಕೈಯಲ್ಲಿ ಮೊಬೈಲ್ ಇರುವಾಗ ದೂರಕ್ಕೆ ಅರ್ಥವೆಲ್ಲಿ? ಹಣ ಕಳಿಸುವುದಕ್ಕೆ, ಪಡೆಯುವುದಕ್ಕೆ ಈ ಮಾತು ನಿಜ; ಯುಪಿಐ ಮೀನು ಮಾರುಕಟ್ಟೆಯಲ್ಲೂ ನಡೆಯುತ್ತದೆ. ಆದರೆ ಸಾಲದ ಕೆಲಸ ಬೇರೆ. ಕಂಪ್ಯೂಟರ್ ಸಾಲಗಾರನಿಗೆ ಅಂಕ ಕೊಡುವುದು ಅವನ ಹಿಂದಿನ ಸಾಲದ ದಾಖಲೆ ನೋಡಿ. ದಾಖಲೆಯೇ ಇಲ್ಲದವನಿಗೆ, ಮೊದಲ ಬಾರಿ ಕೈಚಾಚುವವನಿಗೆ ಅಂಕ ಎಲ್ಲಿಂದ ಬರಬೇಕು? ಅಡಿಕೆಗೆ ಕೊಳೆರೋಗ ಬಂದ ವರ್ಷ ಕಂತು ತಪ್ಪಿದವನೂ, ಹಣವಿದ್ದೂ ಕಟ್ಟದವನೂ ಪರದೆಯ ಮೇಲೆ ಒಂದೇ ಬಣ್ಣದಲ್ಲಿ ಕಾಣುತ್ತಾರೆ. ಅವರಿಬ್ಬರನ್ನು ಬೇರ್ಪಡಿಸಿ ನೋಡಬಲ್ಲವನು ಆ ವರ್ಷ ಆ ತೋಟದ ಬಳಿ ಓಡಾಡಿದ ಮ್ಯಾನೇಜರ್. ತಂತ್ರಜ್ಞಾನದಲ್ಲಿ ಯಾರಿಗೂ ಕಡಿಮೆಯಿಲ್ಲದ ಜರ್ಮನಿಯಲ್ಲಿ ಇವತ್ತಿಗೂ ಸ್ಪಾರ್ಕಾಸೆ ಎಂಬ ಸಾರ್ವಜನಿಕ ಉಳಿತಾಯ ಬ್ಯಾಂಕುಗಳು ತಮ್ಮ ತಮ್ಮ ಜಿಲ್ಲೆ, ನಗರಗಳ ಗಡಿಯೊಳಗೇ ಕೆಲಸ ಮಾಡುತ್ತವೆ. ಅಲ್ಲಿ ಸ್ಥಳೀಯತೆ ಹಿಂದುಳಿದವರ ಲಕ್ಷಣವಾಗಿ ಉಳಿದಿಲ್ಲ, ಬೇಕೆಂದೇ ಕಾಪಾಡಿಕೊಂಡ ಶಕ್ತಿಯಾಗಿದೆ.

ಕರಗಿಹೋದ ಬ್ಯಾಂಕುಗಳನ್ನು ಮತ್ತೆ ಎಬ್ಬಿಸಲಾಗದು. ಆದರೆ ಆ ಜೋಡಿಯನ್ನು, ಸಾರ್ವಜನಿಕ ಒಡೆತನ ಮತ್ತು ಸ್ಥಳೀಯ ತೀರ್ಮಾನವನ್ನು, ಇರುವ ರಚನೆಯೊಳಗೇ ಮತ್ತೆ ಕೂಡಿಸಬಹುದು. ಗ್ರಾಮೀಣ ಬ್ಯಾಂಕುಗಳಲ್ಲಿ ಕೇಂದ್ರಕ್ಕೆ 50, ರಾಜ್ಯಕ್ಕೆ 15, ಪ್ರಾಯೋಜಕ ಬ್ಯಾಂಕಿಗೆ 35ರ ಪಾಲಿದೆ. ರಾಜ್ಯ ತನ್ನ ಪಾಲಿಗೆ ತಕ್ಕ ಮಾತನ್ನು ಅಲ್ಲಿ ಗಟ್ಟಿಯಾಗಿ ಆಡಬೇಕು. ಹನ್ನೆರಡು ದೊಡ್ಡ ಬ್ಯಾಂಕುಗಳು ಇಂತಿಷ್ಟು ಮೊತ್ತದವರೆಗಿನ ಸಾಲದ ಕೊನೆಯ ತೀರ್ಮಾನವನ್ನು ಜಿಲ್ಲೆಯಲ್ಲೇ ಮುಗಿಸುವ ಅಧಿಕಾರ ಕೊಡಬೇಕು. ತಿರಸ್ಕರಿಸಿದ ಅರ್ಜಿಗೆ ಕಾರಣವನ್ನು ಕನ್ನಡದಲ್ಲಿ ಬರೆದು ಕೊಡಬೇಕು. ಲೀಡ್ ಬ್ಯಾಂಕ್ ಯೋಜನೆ ಇನ್ನೂ ಜೀವಂತವಿದೆ, ಅದರ ಸಭೆಗಳು ಪ್ರತಿ ಜಿಲ್ಲೆಯಲ್ಲೂ ನಡೆಯುತ್ತವೆ. ಅಲ್ಲಿ ಪ್ರತಿ ಬಾರಿ ಮೂರು ಲೆಕ್ಕ ಕೇಳಬೇಕು: ಈ ಜಿಲ್ಲೆಯ ಜನ ಎಷ್ಟು ಹಣ ಇಟ್ಟರು, ಅದರಲ್ಲಿ ಎಷ್ಟು ಇಲ್ಲೇ ಸಾಲವಾಯಿತು, ಆ ಸಾಲದ ತೀರ್ಮಾನ ಎಲ್ಲಾಯಿತು. ಮೊದಲ ಎರಡು ಅಂಕಿಗಳು ಈಗಲೂ ಸಭೆಯ ಮುಂದೆ ಬರುತ್ತವೆ. ಮೂರನೆಯದನ್ನು ಕೇಳುವ ಅಭ್ಯಾಸ ನಮಗಿನ್ನೂ ಆಗಿಲ್ಲ. 1906ರ ಉಡುಪಿಯಲ್ಲಿ ಅದನ್ನು ಕೇಳುವ ಅಗತ್ಯವೇ ಇರಲಿಲ್ಲ. 38 ರೂಪಾಯಿ 13 ಆಣೆ 2 ಪೈ ಎಲ್ಲಿಂದ ಬಂತು, ಎಲ್ಲಿಗೆ ಹೋಗಬೇಕು ಎಂಬುದನ್ನು ಆ ಹಣ ಇಟ್ಟ ಊರಿನಲ್ಲೇ ಕೂತು ನಿರ್ಧರಿಸುತ್ತಿದ್ದರು.